ಕೋಡಿಂಗ್ ಬೇಡ ಕಣಕ್ಕಾ, ಪಕ್ಕ ಕೂತು ಕಲಿಸೋರು ಬೇಕು

ಬೆಳಿಗ್ಗೆ ಎಂಟರ ಹೊತ್ತಿಗೆ ಚಿತ್ರದುರ್ಗದ ಬಸ್ ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಿ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಬ್ಯಾಗು, ತಲೆಯಲ್ಲಿ ಇನ್ನೂ ಒದ್ದೆ ಕೂದಲು. ಒಬ್ಬಳು ಹಿರಿಯೂರಿನ ಬಸ್ಸಿಗೆ, ಒಬ್ಬಳು ಹೊಸದುರ್ಗದ ಬಸ್ಸಿಗೆ, ಇನ್ನೊಬ್ಬಳು ಹೊಳಲ್ಕೆರೆ ಬಸ್ಸಿಗೆ ಓಡುತ್ತಿರುತ್ತಾಳೆ. ಎಲ್ಲರೂ ಕಚೇರಿಗೆ ಹೋಗುವ ಹೆಣ್ಣುಮಕ್ಕಳು. ಅವರಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನೂ ಒಬ್ಬರು.

ಯಜಮಾನರು ಸರ್ವಿಸ್‌ನಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಅಕ್ಕನಿಗೆ ಕೆಲಸ ಸಿಕ್ಕಿತು. ಆಗ ವಯಸ್ಸು ನಲವತ್ತು ದಾಟಿತ್ತು. ಅಲ್ಲಿಯವರೆಗೆ ಅಡುಗೆಮನೆ ಬಿಟ್ಟು ಬೇರೆ ಲೋಕ ಕಂಡವರಲ್ಲ. ಆದರೂ ಧೈರ್ಯ ಮಾಡಿ ಹೋದರು, ಮಕ್ಕಳ ಓದು ಆಗಬೇಕಲ್ಲ!

ಒಂದು ಸಂಜೆ ನಮ್ಮ ಮನೆಗೆ ಬಂದವರು ಸೋಫಾ ಮೇಲೆ ಕೂತು ಅತ್ತೇಬಿಟ್ಟರು. “ನೋಟಿಸ್ ಕೊಟ್ಟಿದ್ದಾರೆ ಕಣೇ. ನಾನು ನೋಡಿಯೇ ಇಲ್ಲದ ಫೈಲು ನನ್ನ ಹೆಸರಲ್ಲಿ ಮೇಲಕ್ಕೆ ಹೋಗಿದೆ!”

ಆಗಿದ್ದು ಇಷ್ಟೇ. ಕಚೇರಿಯಲ್ಲಿ ಕಾಗದದ ಫೈಲು ಹೋಗಿ ಇ-ಆಫೀಸ್ ಬಂತು. ಒಂದು ದಿನದ ತರಬೇತಿಗೆ ಕರೆದರು. ದೊಡ್ಡ ಹಾಲ್‌ನಲ್ಲಿ ಪರದೆ ಮೇಲೆ ಒಬ್ಬರು ಪಟಪಟ ಅಂತ ಬಟನ್ ಒತ್ತಿ ತೋರಿಸಿದರು. ಮಧ್ಯಾಹ್ನ ಊಟ ಆಯಿತು, ಸಂಜೆ ಸಹಿ ಹಾಕಿಸಿಕೊಂಡು ಕಳಿಸಿದರು. ಮರುದಿನ ಕಂಪ್ಯೂಟರ್ ಮುಂದೆ ಕೂತರೆ ಏನೂ ನೆನಪಿಲ್ಲ. ಕೇಳಲು ನಾಚಿಕೆ. ಕೊನೆಗೆ ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಆಪರೇಟರ್ ಹುಡುಗನಿಗೆ “ನೀನೇ ಮಾಡಪ್ಪಾ” ಎಂದು ಕೊಟ್ಟುಬಿಟ್ಟರು. ಅವನು ಒಳ್ಳೆಯ ಹುಡುಗನೇ. ಆದರೆ ಅವಸರದಲ್ಲಿ, ದಾಖಲೆ ಪರಿಶೀಲಿಸದ ಒಂದು ಅರ್ಜಿಯನ್ನು ‘ಪರಿಶೀಲಿಸಿದೆ’ ಎಂದು ಬರೆದು ದಾಟಿಸಿದ್ದ. ಹೆಸರು ಮಾತ್ರ ಅಕ್ಕನದು.

ಇಲ್ಲಿ ತಪ್ಪು ಯಾರದು ಹೇಳಿ? ಪಾಸ್‌ವರ್ಡ್ ಕೊಟ್ಟಿದ್ದು ಅಕ್ಕನ ತಪ್ಪು, ಒಪ್ಪೋಣ. ಆದರೆ ಒಂದೇ ದಿನದಲ್ಲಿ ನೂರು ಬಟನ್ ತೋರಿಸಿ ‘ತರಬೇತಿ ಆಯಿತು’ ಎಂದು ಬರೆದುಕೊಂಡವರದು ತಪ್ಪಲ್ಲವೇ?

ನಮ್ಮ ರಾಜ್ಯಕ್ಕೆ ಇದು ಹೊಸ ಪಾಠವೇನಲ್ಲ. 2000-2001ರಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ವ್ಯವಸ್ಥೆ ಮಾಡಿದ್ದರು. ಯಾರು ಏನು ಬದಲಾಯಿಸಿದರು ಎಂಬುದಕ್ಕೆ ಅವರೇ ಹೊಣೆ, ಆಮೇಲೆ ‘ನಾನಲ್ಲ’ ಎನ್ನುವಂತಿಲ್ಲ. ಬೆರಳನ್ನು ಚೀಟಿಯಲ್ಲಿ ಬರೆದು ಕೊಡೋಕಾಗಲ್ಲ, ಪಾಸ್‌ವರ್ಡನ್ನು ಕೊಡಬಹುದು. ಅಪಾಯ ಇರುವುದೇ ಅಲ್ಲಿ.

ಮುಂದೆ 2012ರಲ್ಲಿ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತು. ಅಕ್ಕ ಆ ಪರೀಕ್ಷೆಯನ್ನೂ ಪಾಸು ಮಾಡಿದ್ದರು! ಪುಸ್ತಕ ಓದಿ ಪ್ರಶ್ನೆಗೆ ಉತ್ತರ ಗುರುತು ಮಾಡುವುದು ಬೇರೆ, ಎದುರಿಗೆ ಜನ ನಿಂತಿರುವಾಗ ಫೈಲು ಕಳಿಸುವುದು ಬೇರೆ. ಅಡುಗೆ ಪುಸ್ತಕ ಬಾಯಿಪಾಠ ಮಾಡಿದವಳಿಗೆ ಮುದ್ದೆ ತೊಳಸಲು ಬರುತ್ತದೆಯೇ?

ನಿಜ ಹೇಳಬೇಕೆಂದರೆ ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ‘ಕೋಡಿಂಗ್’ ಎಂಬ ಪದ ಕೇಳಿಯೇ ನಮ್ಮ ಹೆಂಗಸರು ಹೆದರುತ್ತಾರೆ. ಹಿರಿಯೂರಿನವರಿಗೆ ಕೋಡಿ ಗೊತ್ತು, 2022ರಲ್ಲಿ ಮಾರಿಕಣಿವೆ 89 ವರ್ಷಗಳ ನಂತರ ಕೋಡಿ ಬಿದ್ದಾಗ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬಂದೆವು. ಈ ಕೋಡಿಂಗ್ ನಮಗೆ ಬೇಕಿಲ್ಲ. ಅದು ಸಾಫ್ಟ್‌ವೇರ್ ತಯಾರಿಸುವವರ ಕೆಲಸ. ಬಳಸುವವರಿಗೆ ಬೇಕಾದ್ದು ಕೆಲಸದ ತಿಳಿವಳಿಕೆ. ಮಿಕ್ಸಿ ಬಳಸಲು ಮೋಟಾರ್ ಸುತ್ತುವುದನ್ನು ಕಲಿಯುತ್ತೇವೆಯೇ?

ಇ-ಆಫೀಸ್ ಅಂದರೂ ಅಷ್ಟೇ. ಅದನ್ನು ರೂಪಿಸಿದ್ದು ಕೇಂದ್ರದ ಎನ್‌ಐಸಿ ಸಂಸ್ಥೆ. ಬಂದ ಪತ್ರವನ್ನು ದಾಖಲಿಸುವುದು, ಫೈಲಿಗೆ ಸೇರಿಸುವುದು, ಟಿಪ್ಪಣಿ ಬರೆಯುವುದು, ಮುಂದಿನವರಿಗೆ ಕಳಿಸುವುದು. ಹಳೆಯ ಕಡತದಲ್ಲೂ ಇದೇ ಇತ್ತಲ್ಲ! ಅಲ್ಲಿ ಹಳದಿ ಟಿಪ್ಪಣಿ, ಹಸಿರು ಟಿಪ್ಪಣಿ ಎಂದು ಎರಡುಂಟು. ಹಳದಿ ಕರಡು, ತಿದ್ದಬಹುದು. ಹಸಿರಾದ ಮೇಲೆ ತಿದ್ದುವಂತಿಲ್ಲ. ಮುದ್ದೆ ಒಲೆ ಮೇಲಿರುವಾಗ ಗಂಟು ಒಡೆಯಬಹುದು, ತಟ್ಟೆಗೆ ಬಿದ್ದ ಮೇಲೆ ಆಗಲ್ಲ. ಅಕ್ಕನಿಗೆ ನಾನು ಹೀಗೆ ಹೇಳಿದಾಗ ಅಳುತ್ತಿದ್ದವರು ನಕ್ಕುಬಿಟ್ಟರು.

ಆಮೇಲೆ ಏನು ಮಾಡಿದರು ಗೊತ್ತಾ? ನೋಟಿಸಿಗೆ ಇದ್ದದ್ದು ಇದ್ದ ಹಾಗೆ ಉತ್ತರ ಬರೆದರು. ಪಾಸ್‌ವರ್ಡ್ ಬದಲಾಯಿಸಿದರು. ಪಕ್ಕದ ಟೇಬಲ್ಲಿನ ಹುಡುಗಿಯ ಹತ್ತಿರ ದಿನಕ್ಕೆ ಒಂದೇ ಕೆಲಸ ಕಲಿತರು. ಇವತ್ತು ಪತ್ರ ದಾಖಲಿಸುವುದು, ನಾಳೆಯೂ ಅದೇ, ಕೈಗೆ ಹತ್ತಿದ ಮೇಲೆ ಮುಂದಿನದು. ನೂರು ಪುಟದ ನೋಟ್‌ಬುಕ್‌ನಲ್ಲಿ ತಮ್ಮದೇ ಮಾತಲ್ಲಿ ಬರೆದುಕೊಂಡರು. ಎರಡು ತಿಂಗಳಲ್ಲಿ ಆ ಪುಸ್ತಕವನ್ನು ಹೊಸಬರು ಕೇಳಿ ಪಡೆಯುವಂತಾಯಿತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ತರಬೇತಿ ಹಾಲ್‌ನಲ್ಲಿ ಅಲ್ಲ, ಅವರವರ ಟೇಬಲ್ ಮೇಲೆ, ಅವರದೇ ಫೈಲಿನ ಮೇಲೆ ಆಗಬೇಕು. ಕನ್ನಡದಲ್ಲಿ ಆಗಬೇಕು. ಒಂದು ದಿನ ಆರು ಗಂಟೆ ಬೇಡ, ಆರು ವಾರ ದಿನಕ್ಕೆ ಅರ್ಧ ಗಂಟೆ ಸಾಕು. ಪ್ರತಿ ಕಚೇರಿಯಲ್ಲೂ ‘ಗೊತ್ತಿಲ್ಲ’ ಎಂದರೆ ನಗದೆ ಹೇಳಿಕೊಡುವ ಒಬ್ಬರಿರಬೇಕು. ‘ಇದಕ್ಕೆಲ್ಲ ಟೈಮ್ ಎಲ್ಲಿದೆ?’ ಎನ್ನುವ ಅಧಿಕಾರಿಗಳಿಗೊಂದು ಮಾತು. 2012ರಲ್ಲಿ ಜಾರಿಗೆ ಬಂದ ಸಕಾಲದ ಪ್ರಕಾರ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಉಂಟು. ಆದರೆ ತಡವಾದ ವಿಧವಾ ವೇತನಕ್ಕೆ ಕಾಯುವ ತಾಯಿಯ ಸಂಕಟಕ್ಕೆ ಲೆಕ್ಕ ಎಲ್ಲಿದೆ?

‘ನಾವು ಮನೆಯಲ್ಲಿರೋರು, ನಮಗೇನು?’ ಅನ್ನಬೇಡಿ. ನಿಮ್ಮ ಮನೆಯಲ್ಲೂ ಕಚೇರಿಗೆ ಹೋಗುವ ಅತ್ತಿಗೆ, ನಾದಿನಿ, ಯಜಮಾನರು ಇದ್ದಾರೆ. ನಾಳೆ ಮಕ್ಕಳು ದೊಡ್ಡವರಾದ ಮೇಲೆ ನೀವೇ ಕೆಲಸಕ್ಕೆ ಹೊರಡಬಹುದು. ಅದಕ್ಕೆ ಕೆಲವು ಕಿವಿಮಾತು:

* ಸಾವಿರಾರು ರೂಪಾಯಿ ಕೊಟ್ಟು ಕೋಡಿಂಗ್ ಕೋರ್ಸ್ ಸೇರುವ ಮುನ್ನ ಯೋಚಿಸಿ. ಗುಮಾಸ್ತರ ಕೆಲಸಕ್ಕೆ ಮೊದಲು ಬೇಕಾದ್ದು ಕನ್ನಡ ಟೈಪಿಂಗ್, ಇ-ಮೇಲ್, ಎಕ್ಸೆಲ್.

* ಮನೆಯ ತಿಂಗಳ ಖರ್ಚನ್ನು ಗೂಗಲ್ ಶೀಟ್‌ನಲ್ಲಿ ಬರೆಯಿರಿ. ಯಜಮಾನರೂ ಮಕ್ಕಳೂ ತಮ್ಮ ತಮ್ಮ ಫೋನಿನಿಂದಲೇ ಅದರಲ್ಲಿ ತುಂಬಲಿ. ಹಲವರು ಸೇರಿ ಒಂದೇ ಕಡತದಲ್ಲಿ ಕೆಲಸ ಮಾಡುವ ಅಭ್ಯಾಸ ಅಲ್ಲೇ ಆಗುತ್ತದೆ.

* ಮಹಿಳಾ ಸಂಘದ ಪ್ರವಾಸಕ್ಕೆ ಯಾರ‍್ಯಾರು ಬರುತ್ತಾರೆ ಎಂದು ಫೋನ್ ಮಾಡಿ ಸುಸ್ತಾಗುವ ಬದಲು ಗೂಗಲ್ ಫಾರ್ಮ್ ಕಳಿಸಿ.

* ಪಾಸ್‌ವರ್ಡ್ ಅಂದರೆ ಬೀರುವಿನ ಕೀಲಿಕೈ. ಗಂಡ, ಮಗ, ಆಪರೇಟರ್ ಯಾರೇ ಇರಲಿ, ಕೊಡಬೇಡಿ. ಸಹಾಯ ಬೇಕಾದರೆ ಪಕ್ಕ ಕೂರಿಸಿಕೊಂಡು ನೀವೇ ಒತ್ತಿ.

* ಕಲಿಸುವಾಗ ಮೌಸ್ ಕಿತ್ತುಕೊಳ್ಳಬೇಡಿ ಎಂದು ಮಕ್ಕಳಿಗೆ ಹೇಳಿ. ಕೈ ನಮ್ಮದಾಗಿದ್ದರೆ ಮಾತ್ರ ವಿದ್ಯೆ ನಮ್ಮದು.

* ಮನೆಗೆ ಬಂದವರು ಸಪ್ಪಗಿದ್ದರೆ ‘ಆಫೀಸಲ್ಲಿ ಏನಾಯ್ತು?’ ಎಂದು ಕೇಳಿ. ಎಷ್ಟೋ ಜನ ಮಾತ್ರೆ ನುಂಗುತ್ತಿರುವುದು ಈ ಭಯಕ್ಕೇ.

ನಮ್ಮ ದುರ್ಗದ ಓಬವ್ವನಿಗೆ ಕತ್ತಿ ವರಸೆ ಕಲಿಸಿದವರು ಯಾರೂ ಇರಲಿಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದಾಗ ಅವಳು ಹಿಡಿದದ್ದು ದಿನಾ ಕುಟ್ಟುತ್ತಿದ್ದ ಒನಕೆಯನ್ನೇ. ಕೈಗೆ ಒಗ್ಗಿದ ಸಾಧನಕ್ಕಿಂತ ದೊಡ್ಡ ಬಲ ಇಲ್ಲ. ನಮ್ಮ ಹೆಣ್ಣುಮಕ್ಕಳ ಕೈಗೂ ಈ ಹೊಸ ಒನಕೆ ಒಗ್ಗುವಷ್ಟು ಸಮಯ ಕೊಡಿ ಎಂದಷ್ಟೇ ನಾವು ಕೇಳುತ್ತಿರುವುದು.

ಅಂದಹಾಗೆ, ಅಕ್ಕ ಈಗಲೂ ಅದೇ ಬಸ್ಸಿಗೆ ಓಡುತ್ತಾರೆ. ಪಾಸ್‌ವರ್ಡ್ ಏನಕ್ಕಾ ಎಂದು ತಮಾಷೆಗೆ ಕೇಳಿದರೆ, “ಹೋಗೇ, ನಿನಗ್ಯಾಕೆ!” ಎಂದು ನಗುತ್ತಾರೆ.