ತಟ್ಟೆ ಕೆಟ್ಟರೂ ಲೆಕ್ಕ ಕೆಡದು

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವೆಂದೊಡನೆ ಶಿಲ್ಪಪ್ರಿಯರಿಗೆ ಅಲ್ಲಿಯ ಭೀಮೇಶ್ವರ ದೇವಾಲಯ ನೆನಪಾಗುತ್ತದೆ. ಶಾಸನಾಭ್ಯಾಸಿಗಳಿಗಾದರೋ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದ, ಕ್ರಿ.ಶ. 866ರ ಶಿಲಾಶಾಸನ ನೆನಪಿಗೆ ಬರುತ್ತದೆ. ಅದೇ ವರ್ಷದ ಮತ್ತೊಂದು ಶಾಸನ ಧಾರವಾಡ ಸೀಮೆಯ ಸಿರೂರಿನದು. ಆಯಾ ಸ್ಥಳದ ವಿವರಗಳನ್ನು ಬಿಟ್ಟರೆ ಎರಡರ ಒಕ್ಕಣೆಯೂ ಬಹುಮಟ್ಟಿಗೆ ಒಂದೇ. ಒಂದು ಕಲ್ಲಿನ ಅಕ್ಷರ ಸವೆದರೆ ಇನ್ನೊಂದರ ನೆರವಿನಿಂದ ಓದಿಕೊಳ್ಳಬಹುದು. ಬರೆಹ ಉಳಿಯುವುದಕ್ಕೆ ಕಲ್ಲಿನ ಗಟ್ಟಿತನಕ್ಕಿಂತಲೂ ಎರಡನೆಯ ಪ್ರತಿಯೇ ದೊಡ್ಡ ಆಧಾರ.

ಈ ಮಾತು ಅದೇ ಊರಿನ ಇಂದಿನ ರೈತನ ಪಹಣಿಗೂ ಸಲ್ಲುತ್ತದೆ. ಹಿಂದೆ ಹೊಲದ ವಿವರವೆಲ್ಲ ಗ್ರಾಮಲೆಕ್ಕಿಗನ ಕೈಬರೆಹದ ಪುಸ್ತಕದಲ್ಲಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. ಮೊದಲು ತಾಲ್ಲೂಕು ಕಚೇರಿಯಲ್ಲಿದ್ದ ಈ ಲೆಕ್ಕ ಬರಬರುತ್ತ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿತು. ನಾಡಿನ ನೆಲದ ಲೆಕ್ಕವೆಲ್ಲ ಒಂದೆಡೆ ಸೇರಿದ ಮೇಲೆ, ಅಲ್ಲಿಯ ಯಂತ್ರವೊಂದು ಕೆಟ್ಟರೆ ಗತಿಯೇನು ಎಂಬ ಪ್ರಶ್ನೆ ಏಳುವುದು ಸಹಜವೇ.

ಇದಕ್ಕೆ ಉತ್ತರ, ಇಂಥ ಕೇಂದ್ರಗಳಲ್ಲಿ ಬಳಸುವ ದೊಡ್ಡ ಸಂಗ್ರಹಯಂತ್ರಗಳ ರಚನೆಯಲ್ಲಿಯೇ ಇದೆ. ಗಣಕಯಂತ್ರದ ಡಿಸ್ಕೆಂದರೆ ಅಯಸ್ಕಾಂತ ಗುಣದ ಲೇಪವುಳ್ಳ ತಟ್ಟೆ. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುವಾಗ ಸೂಕ್ಷ್ಮವಾದ ತುದಿಯೊಂದು ಅದರ ಮೇಲೆ ಬರೆಯುತ್ತದೆ, ಓದುತ್ತದೆ. 1956ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ಡಿಸ್ಕುಗಳು ಇಂದು ಎಷ್ಟೇ ಸುಧಾರಿಸಿದ್ದರೂ ತಿರುಗುವ ವಸ್ತು ಎಂದಾದರೊಂದು ದಿನ ನಿಂತೇ ನಿಲ್ಲುತ್ತದೆ. ನೂರಾರು ಡಿಸ್ಕುಗಳಿರುವೆಡೆ ಆಗಾಗ್ಗೆ ಒಂದು ಕೆಡುವುದು ವಿಶೇಷವೇನಲ್ಲ.

ಆದ್ದರಿಂದ ಕೆಡದ ಡಿಸ್ಕನ್ನು ಹುಡುಕುವುದಕ್ಕಿಂತ ಕೆಡುವ ಡಿಸ್ಕುಗಳಿಂದಲೇ ಕೆಡದ ವ್ಯವಸ್ಥೆಯನ್ನು ಕಟ್ಟುವುದು ಮೇಲು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಇಂತಹ ಉಪಾಯಗಳನ್ನು ‘ರೇಡ್’ ಎಂಬ ಹೆಸರಿನಲ್ಲಿ ವಿಂಗಡಿಸಿತು. ಒಂದೇ ಬರೆಹವನ್ನು ಎರಡು ಡಿಸ್ಕಿನಲ್ಲಿ ಬರೆಯುವುದು ಸರಳವಾದ ದಾರಿ. ಆದರೆ ವೆಚ್ಚ ಇಮ್ಮಡಿ. ಇನ್ನೊಂದು ದಾರಿ ಮಕ್ಕಳ ಕೂಡುವ ಲೆಕ್ಕದಂತೆ. ಮೂರು ಡಿಸ್ಕುಗಳಲ್ಲಿ 7, 5, 9 ಎಂದಿರಲಿ. ನಾಲ್ಕನೆಯದರಲ್ಲಿ ಮೊತ್ತವಾದ 21ನ್ನು ಬರೆದಿಡಿ. 5 ಇದ್ದ ಡಿಸ್ಕು ಕೆಟ್ಟಿತೇ? 21ರಲ್ಲಿ 7ನ್ನೂ 9ನ್ನೂ ಕಳೆದರೆ ಹೋದ 5 ಮರಳಿ ದೊರೆಯುತ್ತದೆ. ಯಂತ್ರ ಮೊತ್ತದ ಬದಲು ಸಮ-ಬೆಸದ ಗುರುತನ್ನು ಇಡುತ್ತದೆ, ತತ್ತ್ವ ಇದೇ. ಕೆಟ್ಟ ಡಿಸ್ಕಿನ ಜಾಗಕ್ಕೆ ಕಾದು ಕುಳಿತ ಹೊಸದೊಂದು ಬಂದು, ಹೋದದ್ದೆಲ್ಲ ಅದರಲ್ಲಿ ಮತ್ತೆ ತುಂಬುತ್ತದೆ. ದೊಡ್ಡ ಡಿಸ್ಕಿಗೆ ಈ ಕೆಲಸ ಹಲವು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಎರಡನೆಯದೂ ಕೆಡಬಹುದೆಂದು ಎರಡು ಬಗೆಯ ಗುರುತುಗಳನ್ನಿಡುವ ಕ್ರಮವೂ ಇದೆ.

ಜೋಡಿಯ ಈ ನೀತಿ ಡಿಸ್ಕಿಗೆ ಮಾತ್ರ ಸೀಮಿತವಲ್ಲ. ಡಿಸ್ಕುಗಳನ್ನು ಆಳುವ ಕಂಟ್ರೋಲರು ಎರಡು, ತಂತಿಯ ದಾರಿ ಎರಡು, ವಿದ್ಯುತ್ತು ಬರುವ ಬಾಗಿಲು ಎರಡು. ಡಿಸ್ಕಿಗಿಂತ ಹತ್ತಾರು ಸಾವಿರ ಪಟ್ಟು ಚುರುಕಾದ ಸ್ಮರಣಕೋಶವೊಂದು ಹೊರಗಿನಿಂದ ಬಂದ ಬರೆಹವನ್ನು ಮೊದಲು ತಾನು ಹಿಡಿದುಕೊಂಡು, ‘ಮುಟ್ಟಿತು’ ಎಂದು ಹೇಳಿ, ಅನಂತರ ನಿಧಾನವಾಗಿ ಡಿಸ್ಕಿಗೆ ದಾಟಿಸುತ್ತದೆ. ನಡುವೆ ವಿದ್ಯುತ್ತು ಹೋದರೆ ಕೊಟ್ಟ ಮಾತು ಸುಳ್ಳಾದೀತು. ಅದಕ್ಕಾಗಿ ಅದರಲ್ಲಿಯೂ ಎರಡು ಪ್ರತಿ, ಬೆನ್ನಿಗೆ ಬ್ಯಾಟರಿ. ಇಂದು ಅನೇಕ ಕಡೆ ತಿರುಗುವ ತಟ್ಟೆಯ ಬದಲು ಚಲನೆಯಿಲ್ಲದ ಫ್ಲ್ಯಾಶ್ ಬಂದಿದೆ; ಆದರೂ ಜೋಡಿಯ ಏರ್ಪಾಡು ಹಾಗೆಯೇ ಉಳಿದಿದೆ.

ಆದರೆ ಒಂದು ಮಾತನ್ನು ಮರೆಯಬಾರದು. ಈ ಎಚ್ಚರವೆಲ್ಲ ನಾಶದ ವಿರುದ್ಧ; ತಪ್ಪಿನ ವಿರುದ್ಧವಲ್ಲ. ಮೂರು ಎಕರೆಯನ್ನು ಎರಡೆಂದು ಬೆರಳಚ್ಚಿಸಿದರೆ ಯಂತ್ರ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎರಡೆರಡು ಕಡೆ ಕಾಪಾಡುತ್ತದೆ. ಮೊತ್ತವೂ ಆ ತಪ್ಪಿಗೇ ಸಾಕ್ಷಿ ನುಡಿಯುತ್ತದೆ. ಅಳಿಸಿದ್ದು ಕೂಡ ಕ್ಷಣದಲ್ಲಿ ಎಲ್ಲ ಪ್ರತಿಗಳಿಂದಲೂ ಅಳಿದುಹೋಗುತ್ತದೆ. ಆದುದರಿಂದಲೇ ಹಿಂದಿನ ದಿನಗಳ ಪ್ರತಿಗಳನ್ನು ಬೇರೊಂದು ಸ್ಥಳದಲ್ಲಿ ತೆಗೆದಿರಿಸುವುದು ಅಗತ್ಯ. ಇನ್ನು ಮೂಲದಲ್ಲಿಯೇ ಬಿದ್ದ ತಪ್ಪನ್ನು ಹಿಡಿಯಬಲ್ಲದ್ದು ಆ ಹೊಲವನ್ನು ಬಲ್ಲವನ ಕಣ್ಣು ಮಾತ್ರ. ಪಹಣಿ ಕೈಗೆ ಬಂದೊಡನೆ ಅದನ್ನು ಮಡಿಸಿ ಪೆಟ್ಟಿಗೆಗೆ ಸೇರಿಸದೆ, ಸರ್ವೆ ನಂಬರು, ವಿಸ್ತೀರ್ಣ, ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡುವುದು ಮನೆಯ ಯಜಮಾನನ ಕೆಲಸ.