ಅಂಕಿತ ನೋಡಿ ಕರ್ತೃವನ್ನು ತೀರ್ಮಾನಿಸಬೇಡಿ

ವಚನಗಳ ಪಾಠ ಸಂಪಾದನೆಗೆ ಕೈಹಾಕಿದ ಯಾರಿಗೂ ಮೊದಲು ಕಲಿಸುವ ಎಚ್ಚರ ಒಂದಿದೆ. ‘ಕೂಡಲಸಂಗಮದೇವ’ ಎಂಬ ಅಂಕಿತ ಇದ್ದ ಮಾತ್ರಕ್ಕೆ ಅದು ಬಸವಣ್ಣನವರ ವಚನ ಎಂದು ಸಾಬೀತಾಗುವುದಿಲ್ಲ. ಓಲೆಪ್ರತಿಗಳನ್ನು ಹೋಲಿಸಬೇಕು, ಭಾಷೆ ನೋಡಬೇಕು, ಪ್ರಕ್ಷಿಪ್ತವೇ ಎಂದು ಅನುಮಾನಿಸಬೇಕು. ಬಸವಕಲ್ಯಾಣದಲ್ಲಿ ಹುಟ್ಟಿ ಬೆಳೆದ ನನಗೆ ಇದು ಬರೀ ಪಾಂಡಿತ್ಯದ ಮಾತಲ್ಲ. ಬಸವಣ್ಣನವರ ವಚನಗಳ ಅಂಕಿತ ಬದಲಿಸಿದ ಪುಸ್ತಕವೊಂದರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋದ ನಾಡು ಇದು. ಒಂದು ಸಾಲು ಯಾರ ಹೆಸರಿಗೆ ಸೇರಬೇಕು ಎಂಬುದು ನಮಗೆ ಅಷ್ಟು ಮುಖ್ಯ.

ಆದರೆ ಇದೇ ಎಚ್ಚರವನ್ನು ನಮ್ಮ ಶಿಕ್ಷಣ ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳ ಹೆಸರಿಗೆ ತೋರಿಸುವುದಿಲ್ಲ. ಇಂಟ್ರಾನೆಟ್ಟಿಗೆ ಲಾಗಿನ್ ಆದಾಗ ಬ್ರೌಸರಿನಲ್ಲಿ ಕೂರುವ ಕುಕಿಯನ್ನೇ ಮನುಷ್ಯ ಎಂದು ನಂಬಿಬಿಡುತ್ತವೆ.

ಕುಕಿಯ ಕೆಲಸ ಸರಳ. ವೆಬ್ ಸರ್ವರಿಗೆ ತಾನಾಗಿ ನೆನಪಿರುವುದಿಲ್ಲ. ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆಯೇ ಎಂದು ಅದಕ್ಕೆ ಗೊತ್ತಾಗದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಇದಕ್ಕೊಂದು ಉಪಾಯ ಮಾಡಿದ. ಇವತ್ತು ಪಾಸ್‌ವರ್ಡ್ ಸರಿಹೊಂದಿದರೆ ಸರ್ವರ್ ಒಂದು ಉದ್ದನೆಯ ಗುರುತುಸಂಖ್ಯೆಯನ್ನು ಬ್ರೌಸರಿಗೆ ಕೊಡುತ್ತದೆ. ಬ್ರೌಸರ್ ಪ್ರತಿ ಪುಟಕ್ಕೂ ಅದನ್ನು ತೋರಿಸುತ್ತದೆ. ಹುಮನಾಬಾದ್ ಬಸ್ಸಿನಲ್ಲಿ ಕಂಡಕ್ಟರ್ ಕೊಡುವ ಟಿಕೆಟ್ಟಿನ ಹಾಗೆ. ಟಿಕೆಟ್ ತೆಗೆದಾಗಿದೆ ಎಂದು ಆ ಚೀಟಿ ಹೇಳುತ್ತದೆ, ಸೀಟಿನಲ್ಲಿ ಕೂತವರು ಯಾರೆಂದು ಹೇಳುವುದಿಲ್ಲ.

ನಮ್ಮಂಥ ಕಡೆ ಸೀಟು ಬದಲಾಗುತ್ತಲೇ ಇರುತ್ತದೆ. ನಾಲ್ಕೈದು ಸಂಶೋಧಕರಿಗೆ ಒಂದು ಕಂಪ್ಯೂಟರ್. “ಲಾಗಿನ್ ಮಾಡಿ ಇಡ್ರಿ ಅಣ್ಣಾ, ಆಮ್ಯಾಲೆ ನಾ ನೋಡ್ತೀನಿ” ಎಂಬುದು ದಿನನಿತ್ಯದ ಮಾತು. ದಾಖಲೆಯಲ್ಲಿ ಮಾತ್ರ ಆ ನಾಲ್ಕೂ ಜನ ಓದಿದ್ದು ಅಣ್ಣನ ಹೆಸರಿಗೇ ಬೀಳುತ್ತದೆ.

ಬಿದ್ದರೇನು ಎನ್ನುವವರು ಓದನ್ನು ಮರೆತಿದ್ದಾರೆ. ಒಬ್ಬಾಕೆ ಲೈಂಗಿಕ ಕಿರುಕುಳದ ದೂರು ಸಮಿತಿಯ ನಿಯಮ ಹುಡುಕಬಹುದು. ಇನ್ನೊಬ್ಬ ಜಾತಿ ತಾರತಮ್ಯದ ದೂರು ಎಲ್ಲಿ ಕೊಡಬೇಕೆಂದು ನೋಡಬಹುದು. ಮತ್ತೊಬ್ಬ ತನ್ನ ಮಾರ್ಗದರ್ಶಕರ ವಾದವನ್ನು ಮುರಿಯುವ ಲೇಖನ ಓದಬಹುದು. ಯಾರು ಏನು ಓದಿದರೆಂಬ ಪಟ್ಟಿ ಮೇಲಿನವರ ಕೈಗೆ ಸಿಗುತ್ತದೆಂದು ಗೊತ್ತಾದ ದಿನ ಇವರೆಲ್ಲ ಹುಡುಕುವುದನ್ನೇ ನಿಲ್ಲಿಸುತ್ತಾರೆ. ಪಟ್ಟಿ ಸರಿಯಿದ್ದರೆ ಓದಿದವರಿಗೆ ತೊಂದರೆ, ತಪ್ಪಿದ್ದರೆ ಓದದವರಿಗೆ.

ಲಾಗಿನ್ ಹಂಚಿಕೊಂಡಿದ್ದೇ ತಪ್ಪು ಎಂದು ಕಚೇರಿ ಹೇಳುತ್ತದೆ. ಸರಿ, ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಕೊಟ್ಟು ಆಮೇಲೆ ಆ ಮಾತು ಹೇಳಲಿ. ತಪ್ಪು ಮಾಡದವರಿಗೆ ಭಯವೇಕೆ ಎಂಬ ಪ್ರಶ್ನೆಗಂತೂ 2017ರ ಆಗಸ್ಟ್ 24ರಂದೇ ಉತ್ತರ ಸಿಕ್ಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಹಕ್ಕು ತಪ್ಪು ಮಾಡಿದವರಿಗಷ್ಟೇ ಸೇರಿದ್ದಲ್ಲ.

ಕುಕಿಯೇ ಬೇಡ ಎಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ಪುಟಪುಟಕ್ಕೂ ಪಾಸ್‌ವರ್ಡ್ ಕೊಡಬೇಕಾದೀತು. ಬಾಗಿಲಲ್ಲಿ ಗುರುತು ಕೇಳಲಿ, ಒಳಗೆ ಯಾವ ಪುಸ್ತಕ ತೆರೆದೆ ಎಂದು ಹಿಂದೆ ಬಂದು ಬರೆದುಕೊಳ್ಳಬಾರದು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಲಾಗಿನ್ ತಾನೇ ಮುಗಿಯಲಿ. ಓದಿನ ದಾಖಲೆ ಹೆಸರಿನೊಂದಿಗೆ ಉಳಿಯದಿರಲಿ. ಕುಕಿಯೊಂದನ್ನೇ ಸಾಕ್ಷಿಯಾಗಿಟ್ಟು ಯಾರಿಗೂ ನೋಟಿಸ್ ಕೊಡದಿರಲಿ.

ನೀವು ಸರ್ಕಾರಿ ವಿಶ್ವವಿದ್ಯಾಲಯದಲ್ಲಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಮೂರು ಪ್ರಶ್ನೆ ಕೇಳಿ. ನಮ್ಮ ಲಾಗಿನ್ ದಾಖಲೆಯಲ್ಲಿ ಏನೇನು ಬರೆದಿಡುತ್ತೀರಿ? ಎಷ್ಟು ದಿನ ಇಡುತ್ತೀರಿ? ಯಾರು ಯಾರು ನೋಡಬಹುದು? ಮೂವತ್ತು ದಿನದೊಳಗೆ ಉತ್ತರ ಕೊಡಬೇಕಾದವರು ಅವರು. ಅಲ್ಲಿಯವರೆಗೆ, ಎದ್ದು ಹೋಗುವ ಮುನ್ನ ಲಾಗೌಟ್ ಮಾಡಿ.