ಕಾಡು ನೋಡುವ ಹಕ್ಕು ಯಾರ ಮಕ್ಕಳದು?

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ನಮ್ಮ ಪಟ್ಟಣದ ಮಕ್ಕಳು ಎರಡು ದಾರಿ ಹಿಡಿಯುತ್ತಾರೆ. ಉಳ್ಳವರ ಮಕ್ಕಳು ಕಾರಿನಲ್ಲಿ ಕೂತು ಕಬಿನಿಗೋ ಬಂಡೀಪುರಕ್ಕೋ ಹೋಗಿ, ಆನೆ ಹುಲಿಗಳ ಫೋಟೋ ಹಿಡಿದುಕೊಂಡು ಬರುತ್ತಾರೆ. ಗಿರಣಿ ಕೆಲಸಗಾರನ ಹದಿನೈದು ವರ್ಷದ ಮಗ ಚಹಾದಂಗಡಿಯಲ್ಲಿ ಲೋಟ ತೊಳೆಯುತ್ತಾನೆ. ಅವನ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಸಣ್ಣ ವ್ಯಾಪಾರಿಯ ಮಗನಿಗೆ ಅಪ್ಪನ ಗಲ್ಲಾಪೆಟ್ಟಿಗೆಯೇ ರಜೆಯ ಪ್ರವಾಸ. ರಜೆ ಎಂಬುದು ಒಂದೇ ಶಬ್ದ, ಆದರೆ ಅದಕ್ಕೆ ಎರಡು ವರ್ಗಗಳಲ್ಲಿ ಎರಡು ಅರ್ಥ.

ಈ ಮಾತೆತ್ತಿದರೆ ನಮ್ಮವರಲ್ಲೇ ಕೆಲವರು ಮೂಗು ಮುರಿಯುತ್ತಾರೆ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕಂತೆ. ಕೂಲಿ ಹೆಚ್ಚಳದ ಪ್ರಶ್ನೆ ಬಿಟ್ಟು ಸಮಾಜವಾದಿಗಳು ಹುಲಿ ನೋಡಲು ಹೊರಟರೇ?" ಎಂದು ಕೇಳುತ್ತಾರೆ. ಕೂಲಿಯ ಪ್ರಶ್ನೆಯನ್ನು ನಾವು ಬಿಟ್ಟಿಲ್ಲ. ಆದರೆ ಮನುಷ್ಯ ದುಡಿಯುವುದು ಮರುದಿನ ಮತ್ತೆ ದುಡಿಯುವುದಕ್ಕಾಗಿ ಮಾತ್ರ ಎಂಬುದು ಮಾಲೀಕರ ವೇದಾಂತ. ಅದನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳ ಹೆಸರು ಕೇಳದ ಜವಳಿ ಕೆಲಸಗಾರನಿಲ್ಲ. ಅದರ ಪಕ್ಕದಲ್ಲೇ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಜಮೀನುದಾರರು ಅದನ್ನು ಹಕ್ಕಿ ಬೇಟೆಗಾಗಿ ಕಾದಿರಿಸಿಕೊಂಡು ಜನರನ್ನು ಹೊರಗಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ತರುಣ ಕೆಲಸಗಾರರು ಒಟ್ಟಾಗಿ ಆ ಬೆಟ್ಟ ಹತ್ತಿದರು. ಐವರು ಜೈಲಿಗೆ ಹೋದರು. ಅವರು ಕೇಳಿದ್ದು ಒಂದು ಭಾನುವಾರ ಒಳ್ಳೆಯ ಗಾಳಿಯಲ್ಲಿ ನಡೆಯುವ ಹಕ್ಕು. 1949ರಲ್ಲಿ ಅಲ್ಲಿನ ಲೇಬರ್ ಸರಕಾರ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ತಂದಿತು. 1951ರಲ್ಲಿ ಆ ಬೆಟ್ಟ ಸೀಮೆಯೇ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಫ್ರಾನ್ಸಿನಲ್ಲಿ 1936ರ ಮುಷ್ಕರಗಳ ನಂತರ ಸಮಾಜವಾದಿಗಳ ಮುಂದಾಳುತನದ ಸರಕಾರ ಕೆಲಸಗಾರರಿಗೆಲ್ಲ ಎರಡು ವಾರ ಸಂಬಳದ ರಜೆ ಕೊಟ್ಟಿತು. ರಜೆಗೆ ಹೊರಟವರಿಗೆ ರೈಲು ದರದಲ್ಲಿ ನೂರಕ್ಕೆ 40ರಷ್ಟು ರಿಯಾಯಿತಿಯನ್ನೂ ಕೊಟ್ಟಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ 20 ದಿನ ದುಡಿದವನಿಗೆ 1 ದಿನ ಸಂಬಳದ ರಜೆಯ ಲೆಕ್ಕ ಹಾಕಿತು. 2020ರ ಸಂಹಿತೆಯಲ್ಲೂ ಆ ಲೆಕ್ಕ ಉಳಿದಿದೆ. ಈ ರಜೆ ಮಾಲೀಕರ ದಾನವಲ್ಲ. ಅದನ್ನು ಮದುವೆಗೆ, ತಿಥಿಗೆ, ಜ್ವರಕ್ಕೆ ಖರ್ಚು ಮಾಡುವ ನಾವು, ವರ್ಷದಲ್ಲಿ ಮೂರು ದಿನ ಬೆಳೆದ ಮಕ್ಕಳ ಜೊತೆ ಕಾಡಿಗೆ ಹೋಗಲು ಏಕೆ ಖರ್ಚು ಮಾಡಬಾರದು?

ಇನ್ನು ಕಾಡು ಯಾರದು ಎಂಬ ಪ್ರಶ್ನೆ. ಕಬಿನಿ ದಂಡೆಯ ಕಾಕನಕೋಟೆಯಲ್ಲಿ ಮಹಾರಾಜರ ಕಾಲದಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆಗಳನ್ನು ಹೊಳೆಗೆ ಅಟ್ಟಿ ಬೇಲಿಯೊಳಗೆ ಕೂಡುವುದನ್ನು ನೋಡಲು ವೈಸರಾಯರು, ರಾಜಕುಮಾರರು ಬಂದು ಅಟ್ಟಣಿಗೆಯ ಮೇಲೆ ಕೂರುತ್ತಿದ್ದರು. ಪ್ರಾಣ ಒತ್ತೆಯಿಟ್ಟು ಆನೆ ಅಟ್ಟುತ್ತಿದ್ದವರು ಕುರುಬರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷವೇ ವನ್ಯಜೀವಿ ಕಾಯಿದೆ ಬಂತು. ಬಂದೂಕು ಹೋಯಿತು, ಕ್ಯಾಮೆರಾ ಬಂತು. ಆದರೆ ಅಟ್ಟಣಿಗೆಯ ಮೇಲೆ ಕೂರುವವರು ಮತ್ತು ಕೆಳಗೆ ನಿಂತು ದುಡಿಯುವವರು ಅದಲು ಬದಲಾಗಲಿಲ್ಲ. ಇಂದು ಕಾಡಂಚಿನ ಕೆಲವು ಐಷಾರಾಮಿ ವಸತಿಗಳ ಒಂದು ರಾತ್ರಿಯ ಬಾಡಿಗೆ ನಮ್ಮ ಹಮಾಲನ ತಿಂಗಳ ದುಡಿಮೆಯನ್ನು ಮೀರುತ್ತದೆ. ನಾಗರಹೊಳೆಯ ಕಾಡಿನೊಳಗೇ ದೊಡ್ಡ ಹೋಟೆಲು ಕಂಪನಿಯೊಂದಕ್ಕೆ ಸರಕಾರ ಜಾಗ ಕೊಟ್ಟಾಗ ಅಲ್ಲಿನ ಆದಿವಾಸಿಗಳು ಎದ್ದು ನಿಂತರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ನಮ್ಮ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಕಾಡಿನಲ್ಲಿ ಹುಟ್ಟಿ ಬೆಳೆದವನನ್ನು ಎಬ್ಬಿಸಿ, ಕಾಸಿದ್ದವನನ್ನು ಕರೆತಂದು ಕೂರಿಸುವುದಕ್ಕೆ ಸಂರಕ್ಷಣೆ ಎಂಬ ಹೆಸರು ಸಲ್ಲದು.

ಹಾಗೆಂದು ನಾವೂ ಬಸ್ಸು ತುಂಬ ಹೋಗಿ ಕಾಡನ್ನು ಜಾತ್ರೆ ಮಾಡಬೇಕೆಂದು ನಾವು ಹೇಳುತ್ತಿಲ್ಲ. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ಕಾಡಂಚಿನ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರಕಾರ ನಿಲ್ಲಿಸಬೇಕಾಯಿತು. ಪ್ರವಾಸಿಗಳ ಗದ್ದಲ ಕಾಡಿಗೂ ಕಾಡಂಚಿನ ಬಡವನಿಗೂ ಹೊರೆಯೆಂಬ ಕೂಗು ಅಲ್ಲಿನ ರೈತರದೇ. ಆದಕಾರಣ ಹೋಗುವವರು ಕಡಿಮೆ ಜನ, ಕಡಿಮೆ ಸದ್ದು, ಹೆಚ್ಚು ಕಲಿಕೆ ಎಂಬ ನಿಯಮದಿಂದ ಹೋಗಬೇಕು. ಎಲ್ಲಿಗೆ ಎಂದು ಕೇಳುವವರಿಗೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ನಾವು ಸೂಚಿಸುತ್ತೇವೆ. ಅದಕ್ಕೆ ಕಾರಣಗಳಿವೆ.

ಮೊದಲನೆಯ ಕಾರಣ, ಅದು ಬಡವನೂ ಮುಟ್ಟಬಹುದಾದ ಕಾಡು. ಬೆಟ್ಟದ ಮೇಲೆ ರಂಗನಾಥನ ಗುಡಿ ಇರುವುದರಿಂದ ಸರಕಾರಿ ಬಸ್ಸು ಮೇಲಿನವರೆಗೆ ಹೋಗುತ್ತದೆ. ತಲೆತಲಾಂತರದಿಂದ ಹರಕೆ ಹೊತ್ತು ಬೆಟ್ಟ ಹತ್ತಿದ ಒಕ್ಕಲು ಮಕ್ಕಳು, ದಲಿತರು ಆ ದಾರಿಯನ್ನು ನಮಗಾಗಿ ತೆರೆದಿಟ್ಟಿದ್ದಾರೆ. ಎರಡನೆಯದು, ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳನ್ನು ಕೂಡಿಸುವ ಸೇತುವೆಯಂತೆ ಈ ಬೆಟ್ಟ ಸಾಲು ನಿಂತಿದೆ. ಬುಡದಲ್ಲಿ ಕುರುಚಲು ಮುಳ್ಳುಗಿಡ, ಮೇಲೇರಿದಂತೆ ಎಲೆಯುದುರುವ ಕಾಡು, ಇನ್ನೂ ಮೇಲೆ ನಿತ್ಯಹಸುರಿನ ಮರ, ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ. ಸುಮಾರು 600 ಮೀಟರಿನಿಂದ 1800 ಮೀಟರಿನವರೆಗೆ ಏರುವ ಒಂದೇ ಬೆಟ್ಟಸಾಲಿನಲ್ಲಿ ಉಷ್ಣವಲಯದ ಇಷ್ಟು ಬಗೆಯ ಕಾಡು ಕಾಣುವುದು ಅಪರೂಪ. ಭೂಗೋಳದ ಪುಸ್ತಕದಲ್ಲಿ ಮಕ್ಕಳು ಬಾಯಿಪಾಠ ಮಾಡುವುದನ್ನು ಬಸ್ಸಿನ ಕಿಟಕಿಯೇ ಅಲ್ಲಿ ಕಲಿಸುತ್ತದೆ.

ಮೂರನೆಯ ಕಾರಣವೇ ನಮಗೆ ಮುಖ್ಯ. ಅದು ಸೋಲಿಗರ ಬೆಟ್ಟ. ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬ ಕತೆಯಿಂದ ದೇವರೇ ಅವರಿಗೆ ಭಾವ. 1974ರಲ್ಲಿ ಅಭಯಾರಣ್ಯ ಘೋಷಣೆಯಾದಾಗ ಅವರ ಬೇಟೆ ನಿಂತಿತು, ಕಾಡು ಬೇಸಾಯ ನಿಂತಿತು, ಹಲವು ಪೋಡುಗಳನ್ನು ಎಬ್ಬಿಸಿ ಬೇರೆಡೆ ಕೂರಿಸಲಾಯಿತು. ಆದರೂ ಅವರು ಬಿಡಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಹಿಡಿದು ಸಂಘಟಿತರಾಗಿ ಹೋರಾಡಿದರು. ಅದು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ 2011ರಲ್ಲೇ ಜೇನು, ನೆಲ್ಲಿ ಮುಂತಾದ ಕಿರು ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕುಪತ್ರ ಪಡೆದರು. ಹುಲಿಯಿರುವ ಕಾಡಿನಲ್ಲಿ ಮನುಷ್ಯನಿರಲಾಗದು ಎಂದು ಪಟ್ಟಣದಲ್ಲಿ ಕೂತು ವಾದಿಸುವವರಿಗೆ ಸೋಲಿಗರ ಬಾಳೇ ಉತ್ತರ. ಹೆಜ್ಜೇನು ಇಳಿಸುವಾಗಲೂ ನೆಲ್ಲಿಕಾಯಿ ಕೀಳುವಾಗಲೂ ಎಲ್ಲವನ್ನೂ ಬಾಚಿಕೊಳ್ಳದೆ ಒಂದಿಷ್ಟು ಉಳಿಸುವುದು ಅವರ ರೂಢಿ. ಹಿಂದೆ ಬೇಸಿಗೆಯ ಮೊದಲಲ್ಲಿ ನೆಲದ ತರಗಿಗೆ ಹಗುರಾದ ಬೆಂಕಿ ಕೊಡುತ್ತಿದ್ದೆವು, ಅದನ್ನು ತಡೆದ ಮೇಲೆ ಲಾಂಟಾನ ಪೊದೆ ಕಾಡನ್ನು ನುಂಗಿತು ಎಂದು ಅವರು ಹೇಳುತ್ತಾರೆ. ಅವರ ಈ ಮಾತನ್ನು ಈಗ ವಿಜ್ಞಾನಿಗಳೂ ಕಿವಿಗೊಟ್ಟು ಕೇಳುತ್ತಿದ್ದಾರೆ. ನಮ್ಮ ಮಕ್ಕಳು ಹುಲಿಯನ್ನು ಕಾಣದಿದ್ದರೂ ಚಿಂತೆಯಿಲ್ಲ, ಇಂಥ ಒಬ್ಬ ಹಿರಿಯನೊಡನೆ ಒಂದು ಗಂಟೆ ಕೂತು ಬರಲಿ. ಆದರೆ ಪೋಡಿಗೆ ಹೋಗುವಾಗ ಮೊದಲೇ ಕೇಳಿ ಹೋಗಬೇಕು. ಕೇಳದೆ ಅವರ ಮುಖಕ್ಕೆ ಮೊಬೈಲು ಹಿಡಿಯಕೂಡದು. ಅವರದು ಮೃಗಾಲಯವಲ್ಲ, ಮನೆ.

ಇನ್ನು ತಯಾರಿಯ ವಿಚಾರ. ಒಂಟಿ ಸಂಸಾರಕ್ಕೆ ಭಾರವಾಗುವುದು ಹತ್ತು ಸಂಸಾರ ಸೇರಿದರೆ ಹಗುರ. ಒಂದು ಗಿರಣಿಯ ಅಥವಾ ಒಂದು ಬೀದಿಯ 12 ಮನೆಗಳು ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಒಂದು ಕಡೆ ಕಟ್ಟಲಿ. ಒಟ್ಟು 24,000 ರೂಪಾಯಿ ಆಗುತ್ತದೆ. ಇಪ್ಪತ್ತು ಜನ ಹೊರಟರೆ ತಲೆಗೆ 1,200. ದೂರವನ್ನೂ ದರವನ್ನೂ ನೋಡಿ ಕಂತು ಏರಿಸಬಹುದು, ಇಳಿಸಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲ. ಮೈಸೂರು ತಲುಪಿದರೆ ಅಲ್ಲಿಂದ ನಂಜನಗೂಡಿನ ಮೇಲೆ ಚಾಮರಾಜನಗರದವರೆಗೆ ರೈಲಿದೆ, ಮುಂದೆ ಬೆಟ್ಟಕ್ಕೆ ಬಸ್ಸು. ರಾತ್ರಿ ವೇಳೆ ಕಾಡಿನ ದಾರಿ ಮುಚ್ಚಿರುತ್ತದೆ. ಹಗಲಿರುವಾಗಲೇ ತಲುಪುವಂತೆ ಲೆಕ್ಕ ಹಾಕಿಕೊಳ್ಳಬೇಕು. ತಂಗುವ ಜಾಗವನ್ನೂ ಕ್ಯಾತೆದೇವರಗುಡಿಯ ಸಫಾರಿಯನ್ನೂ ಮೊದಲೇ ವಿಚಾರಿಸಿ ಗೊತ್ತುಮಾಡಿಕೊಳ್ಳಬೇಕು.

ಕಾಲ ಯಾವುದು? ಬೇಸಿಗೆಯಲ್ಲಿ ಎಲೆ ಉದುರಿ, ಪ್ರಾಣಿಗಳು ನೀರಿಗೆ ಬರುವುದರಿಂದ ಹೆಚ್ಚು ಕಾಣುತ್ತವೆ. ಆದರೆ ಬೆಂಕಿಯ ಭಯದಿಂದ ಆಗ ಇಲಾಖೆ ಹಲವು ದಾರಿ ಮುಚ್ಚಬಹುದು. ದಸರೆಯ ರಜೆಯಲ್ಲಿ ಕಾಡು ಹಸುರಾಗಿರುತ್ತದೆ, ಜಿಗಣೆಗಳೂ ಇರುತ್ತವೆ. ಜಿಗಣೆಗೆ ಹೆದರಬೇಕಾಗಿಲ್ಲ, ಉಪ್ಪು ಸೋಕಿದರೆ ಬಿಡುತ್ತದೆ. ಹೆದರಬೇಕಾದ್ದು ಉಣ್ಣೆಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ, ಬೇಸಿಗೆಯವರೆಗೂ ಅದರ ಕಾಟವಿರುತ್ತದೆ. ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ, ಉಣ್ಣೆ ಹತ್ತದಂತೆ ಹಚ್ಚುವ ಎಣ್ಣೆ ಇರಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಬೇಡ. ಅಲುಗಾಡಿಸದೆ ನೇರ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಇಲಾಖೆಯ ಅನುಮತಿ ಮತ್ತು ದಾರಿ ಬಲ್ಲ ಕಾವಲುಗಾರ ಇಲ್ಲದೆ ರಸ್ತೆ ಬಿಟ್ಟು ಒಂದು ಹೆಜ್ಜೆಯೂ ಇಡಕೂಡದು. ಆನೆ ಕಂಡಾಗ ಕೂಗುವುದು, ಇಳಿದು ಫೋಟೋ ಹಿಡಿಯುವುದು ಸಾಹಸವಲ್ಲ, ಮೂರ್ಖತನ.

ಹದಿಹರೆಯದ ಮಕ್ಕಳನ್ನು ಕುರಿಮಂದೆಯಂತೆ ಕರೆದೊಯ್ದರೆ ಅವರು ಮೊಬೈಲು ನೋಡುತ್ತ ಮೂಲೆ ಹಿಡಿಯುತ್ತಾರೆ. ಅವರ ಕೈಗೇ ಕೆಲಸ ಕೊಡಿ. ಒಬ್ಬನಿಗೆ ಖಜಾನೆಯ ಲೆಕ್ಕ, ಒಬ್ಬಳಿಗೆ ಬಸ್ಸು ರೈಲಿನ ವೇಳಾಪಟ್ಟಿ, ಇನ್ನೊಬ್ಬನಿಗೆ ಬುತ್ತಿಯ ಹೊಣೆ. ಕಾಡಿನಲ್ಲಿ ಒಲೆ ಹಚ್ಚುವಂತಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಕಟ್ಟಿಕೊಂಡರೆ ಸಾಕು. ಪ್ಲಾಸ್ಟಿಕ್ ಒಯ್ಯುವುದು ಬೇಡ. ಜಿಂಕೆ, ಕಡವೆ, ಕಾಡುಕೋಣ, ಸೀಳುನಾಯಿ, ಕೆಂದಳಿಲು ಯಾವುದು ಎಲ್ಲಿ ಕಂಡಿತೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಹೆಜ್ಜೆ ಗುರುತು, ಲದ್ದಿ, ಹಕ್ಕಿಯ ದನಿ ಇವನ್ನು ಓದಲು ಕಲಿತ ಮಕ್ಕಳಿಗೆ ಕಾಡು ಬೇಸರ ತರುವುದಿಲ್ಲ.

ಹೆಣ್ಣುಮಕ್ಕಳ ಮಾತು ಪ್ರತ್ಯೇಕವಾಗಿ ಹೇಳಬೇಕು. "ಪ್ರಾಯಕ್ಕೆ ಬಂದ ಹುಡುಗಿಯನ್ನು ಕಾಡಿಗೆ ಕಳಿಸುವುದೇ?" ಎನ್ನುವ ತಂದೆಯೇ ಅವಳನ್ನು ಬೆಳಗಿನ ಕತ್ತಲಲ್ಲಿ ಗಾರ್ಮೆಂಟ್ಸ್ ವ್ಯಾನು ಹತ್ತಿಸುತ್ತಾನೆ. ದುಡಿಯಲು ಹೊರಗೆ ಹೋಗಬಹುದು, ನೋಡಲು ಹೋಗಬಾರದು ಎಂಬುದು ಯಾವ ನ್ಯಾಯ? ತಾಯಂದಿರು ಜೊತೆಯಲ್ಲಿ ಹೊರಡಲಿ. ಅವರಲ್ಲಿ ಎಷ್ಟೋ ಜನ ತವರು ಮತ್ತು ಗಂಡನ ಊರಿನ ಆಚೆ ಏನನ್ನೂ ನೋಡಿದವರಲ್ಲ.

ಸರಕಾರದ ಮುಂದೆ ನಮ್ಮ ಬೇಡಿಕೆ ಮೂರು. ಒಂದು, ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಚಿಣ್ಣರ ವನದರ್ಶನ ಕಾರ್ಯಕ್ರಮ ಶಾಲೆ ಬಿಟ್ಟು ದುಡಿಯುತ್ತಿರುವ 14ರಿಂದ 18ರ ಮಕ್ಕಳಿಗೂ ಸಿಗಬೇಕು. ಎರಡು, ಇಲಾಖೆಯ ಸಫಾರಿಯಲ್ಲಿ ಕಾರ್ಮಿಕ ಕುಟುಂಬಗಳಿಗೆ ಕಡಿಮೆ ದರದ ಆಸನಗಳನ್ನು ಮೀಸಲಿಡಬೇಕು. ಮೂರು, ಕಾಡಿನ ದಾರಿ ತೋರಿಸುವ ಉದ್ಯೋಗ ಮತ್ತು ತಂಗುಮನೆಗಳ ಆಡಳಿತ ಆದಿವಾಸಿಗಳ ಸಹಕಾರ ಸಂಘಗಳ ಕೈಗೆ ಬರಬೇಕು. ನಾವು ಕೊಡುವ ಹಣ ಕಂಪನಿಯ ತಿಜೋರಿಗೆ ಹೋಗದೆ ಪೋಡಿನ ಒಲೆಗೆ ಹೋಗಲಿ.

ಸರಕಾರ ಕಣ್ಣು ಬಿಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಸಂಘದ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಬೋನಸ್ಸಿನ ಕೆಳಗೆ ಇದನ್ನೂ ಒಂದು ಸಾಲು ಬರೆಯಿರಿ. ಅಂಗಡಿಯ ಬಂಧುಗಳು ಮೂರು ದಿನ ಸರದಿಯ ಮೇಲೆ ಒಬ್ಬರ ಅಂಗಡಿ ಇನ್ನೊಬ್ಬರು ನೋಡಿಕೊಳ್ಳಲಿ. ಉಳುವವನೇ ಹೊಲದೊಡೆಯ ಎಂದು ಕೂಗಿದ ನಾಡು ನಮ್ಮದು. ಈ ನಾಡಿನ ಕಾಡೂ ಕಾಸಿದ್ದವರ ಖಾಸಗಿ ಅಂಗಳವಲ್ಲ. ಅದನ್ನು ಕಂಡು ಬಂದ ಮಕ್ಕಳೇ ನಾಳೆ ಅದನ್ನು ಉಳಿಸಲು ಎದ್ದು ನಿಲ್ಲುವವರು.